ಬಯೋಮೆಡಿಕಲ್ ವಿಭಾಗಕ್ಕೆ ಮೇಷ್ಟ್ರು ಸಿಗುತ್ತಿಲ್ಲ, ಜಾಹೀರಾತು ಹೇಗೆ ಬರೆಯೋದು?

ಇಸಿಜಿ_ಮೇಡಂ

ಎಲ್ಲರಿಗೂ ನಮಸ್ಕಾರ. ವಿಟಿಯು ವ್ಯಾಪ್ತಿಯ ಒಂದು ಖಾಸಗಿ ಕಾಲೇಜಿನಲ್ಲಿ ಬಯೋಮೆಡಿಕಲ್ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಊರು ಬೆಂಗಳೂರಲ್ಲ, ಅಷ್ಟು ಹೇಳಿದರೆ ಸಾಕು. ನಮ್ಮಲ್ಲಿ ಇಬ್ಬರು ಬೆನ್ನುಬೆನ್ನಿಗೆ ಬಿಟ್ಟುಹೋದರು. ಒಬ್ಬರು ಸ್ಕ್ಯಾನರ್ ಕಂಪನಿಗೆ, ಇನ್ನೊಬ್ಬರು ಪಿಎಚ್‌ಡಿಗೆ. ಕೋರ್ಸಿಗೆ ಮಾನ್ಯತೆ ಕೊಡುವ ಎನ್‌ಬಿಎ ತಂಡ ಬರುವ ಹೊತ್ತು ಬೇರೆ. ಆಡಳಿತ ಮಂಡಳಿಯವರು ನನ್ನನ್ನು ಒಂದು ಮಾತೂ ಕೇಳದೆ ಪೇಪರಿಗೆ ಕೊಟ್ಟಿದ್ದು ಇಷ್ಟು: "ಸಹಾಯಕ ಪ್ರಾಧ್ಯಾಪಕರು, ಬಯೋಮೆಡಿಕಲ್ ಎಂಜಿನಿಯರಿಂಗ್/ಹೆಲ್ತ್ ಇನ್ಫರ್ಮ್ಯಾಟಿಕ್ಸ್. ವೇತನ ನಿಯಮಾನುಸಾರ."

ಅರ್ಜಿಗಳೇನೋ ರಾಶಿ ಬಂದವು. ಮುಕ್ಕಾಲು ಪಾಲು ವಿಎಲ್‌ಎಸ್‌ಐನಲ್ಲೋ (ಚಿಪ್ ವಿನ್ಯಾಸ) ಡಿಜಿಟಲ್ ಕಮ್ಯುನಿಕೇಷನ್‌ನಲ್ಲೋ ಎಂ.ಟೆಕ್ ಮುಗಿಸಿ, ಎದೆಯ ಎಕ್ಸ್‌ರೇ ಮೇಲೆ ಒಂದು ಡೀಪ್ ಲರ್ನಿಂಗ್ ಪೇಪರ್ ಹಾಕಿಕೊಂಡವರು.

ಸಂದರ್ಶನದಲ್ಲಿ ನಡೆದದ್ದು ಕೇಳಿ. ಇಸಿಜಿ ಮೇಲೆ ಪಿಎಚ್‌ಡಿ ಮಾಡಿದವರೊಬ್ಬರು ಬಂದಿದ್ದರು. ಬಳಸಿದ ಡೇಟಾ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಎಂಐಟಿ-ಬಿಐಎಚ್ ಎಂಬ ಇಸಿಜಿ ಸಂಗ್ರಹ: ಅರ್ಧರ್ಧ ಗಂಟೆಯ 48 ರೆಕಾರ್ಡಿಂಗ್, ಸೆಕೆಂಡಿಗೆ 360 ಸ್ಯಾಂಪಲ್. ಸ್ಲೈಡಿನಲ್ಲಿ ಚಂದದ 50 ಹರ್ಟ್ಸ್ ನಾಚ್ ಫಿಲ್ಟರ್, ಅಂದರೆ ಕರೆಂಟಿನಿಂದ ಸೇರುವ ಗದ್ದಲವನ್ನು ತೆಗೆಯುವ ಜರಡಿ. "ಇದು ಎಲ್ಲಿ ರೆಕಾರ್ಡ್ ಆಗಿದ್ದು?" ಅಂದೆ. "ಬಾಸ್ಟನ್, ಮೇಡಂ." "ಅಲ್ಲಿ ಕರೆಂಟು ಎಷ್ಟು ಹರ್ಟ್ಸ್?" ಮಾತಿಲ್ಲ. ಅಮೆರಿಕದಲ್ಲಿ 60. ಇಲ್ಲದ ಕಸವನ್ನು ಗುಡಿಸಿ, ಇದ್ದ ಕಸವನ್ನು ಹಾಗೇ ಬಿಟ್ಟಿದ್ದರು. ಹೊರಗಿನಿಂದ ಬಂದಿದ್ದ ತಜ್ಞರು "ಪೇಪರ್ ಸ್ಕೋಪಸ್ ಪಟ್ಟಿಯ ಪತ್ರಿಕೆಯಲ್ಲಿದೆಯಲ್ಲ ಮೇಡಂ, ತಗೊಳ್ಳಿ" ಎಂದರು.

ಅದೇ ದಿನ ಎಂಬಿಬಿಎಸ್ ಮಾಡಿ, ಹೆಲ್ತ್ ಇನ್ಫರ್ಮ್ಯಾಟಿಕ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದ ಹುಡುಗಿಯೊಬ್ಬಳು ಬಂದಿದ್ದಳು. ಆಭಾ ಆರೋಗ್ಯ ಖಾತೆ ಸಂಖ್ಯೆ ಅಂದರೇನು, ಒಂದು ಲ್ಯಾಬ್ ರಿಪೋರ್ಟು ಎಫ್‌ಎಚ್‌ಐಆರ್ ಅನ್ನುವ ಡೇಟಾ ವಿನಿಮಯದ ರೂಪದಲ್ಲಿ ಈ ಆಸ್ಪತ್ರೆಯಿಂದ ಆ ಆಸ್ಪತ್ರೆಗೆ ಹೇಗೆ ಹೋಗುತ್ತೆ, ನಡುವೆ ರೋಗಿಯ ಒಪ್ಪಿಗೆ ಎಲ್ಲಿ ಬರುತ್ತೆ ಅಂತ ಬೋರ್ಡ್ ಮೇಲೆ ಬರೆದು ತೋರಿಸಿದಳು. ಅಟೆಂಡರ್ ಕೂಡ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಆಫೀಸಿನವರು ಕಡತ ನೋಡಿ "ಬಿ.ಇ. ಇಲ್ಲ, ಆಗಲ್ಲ" ಅಂದುಬಿಟ್ಟರು.

ಈಗ ಮತ್ತೆ ಕರೆಯಬೇಕು. ಜಾಹೀರಾತು ಈ ಸಲ ನಾನೇ ಬರೆಯುತ್ತೇನೆ ಎಂದಿದ್ದೇನೆ. ಏನು ಬರೆಯಲಿ, ಎಲ್ಲಿ ಹುಡುಕಲಿ?

ನಿವೃತ್ತ_ಮೇಷ್ಟ್ರು

ಮೇಡಂ, ಮೊದಲು ಜಾಹೀರಾತಿನಲ್ಲಿರುವ ಆ ಓರೆಗೆರೆ (/) ತೆಗೆಸಿ. ಅದರ ಈ ಕಡೆ ಇರುವವರು ಎಲೆಕ್ಟ್ರೋಡ್, ಆಂಪ್ಲಿಫೈಯರ್, ಸೋರಿಕೆ ಕರೆಂಟು ನೋಡುವವರು. ಆ ಕಡೆಯವರು ಸ್ನೋಮೆಡ್, ಐಸಿಡಿ ಅನ್ನುವ ವೈದ್ಯಕೀಯ ಕೋಡು, ಡೇಟಾಬೇಸು, 2023ರ ದತ್ತಾಂಶ ರಕ್ಷಣೆ ಕಾಯ್ದೆ ಅಂತ ಮಾತಾಡುವವರು. ಎರಡೂ ಬಲ್ಲವರು ಇದ್ದಾರೆ, ಆದರೆ ಅವರಿಗೆ ಐಐಟಿಗಳ ಬಾಗಿಲು ತೆರೆದಿರುತ್ತೆ, ನಿಮ್ಮೂರಿಗೆ ಬರುವುದಿಲ್ಲ. ಹುದ್ದೆ ಎರಡು ಮಾಡಿ. ಒಂದೇ ಇದ್ದರೆ ಯಾವುದು ಅಂತ ಈಗಲೇ ತೀರ್ಮಾನ ಮಾಡಿ.

ಡಾಕ್ಟರ ವಿಷಯದಲ್ಲಿ ನಿಮ್ಮ ಆಫೀಸಿನವರು ಹೇಳಿದ್ದು ನಿಯಮದ ಪ್ರಕಾರ ಸರಿಯೇ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ 2019ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ಸಂಬಂಧಪಟ್ಟ ಶಾಖೆಯಲ್ಲಿ ಬಿ.ಇ. ಮತ್ತು ಎಂ.ಇ. ಎರಡೂ ಬೇಕು, ಒಂದರಲ್ಲಾದರೂ ಪ್ರಥಮ ದರ್ಜೆ ಇರಬೇಕು. ಖರಗಪುರ ಐಐಟಿಯಲ್ಲಿ ಎಂಬಿಬಿಎಸ್ ಆದವರಿಗೇ ಅಂತ ಮೂರು ವರ್ಷದ ಎಂಎಂಎಸ್‌ಟಿ (ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ) ಸ್ನಾತಕೋತ್ತರ ಕೋರ್ಸ್ ಇದೆ. ಅದನ್ನು ಮಾಡಿ ಬಂದ ಡಾಕ್ಟರಿಗೂ ಇಲ್ಲಿ ಬಿ.ಇ. ಎಲ್ಲಿ ಅಂತಲೇ ಕೇಳುತ್ತಾರೆ. ಸಿಟ್ಟು ಬರುತ್ತೆ, ನಿಜ. ನಾನೂ ಎಷ್ಟೋ ಸಮಿತಿಗಳಲ್ಲಿ ಇದಕ್ಕೇ ಜಗಳ ಆಡಿದ್ದೇನೆ. ಆದರೆ ನಿಯಮದ ವಿರುದ್ಧ ತೆಗೆದುಕೊಂಡರೆ ನಾಳೆ ತಪಾಸಣೆಯಲ್ಲಿ ಆಕೆಯ ಹೆಸರು ಲೆಕ್ಕಕ್ಕೇ ಬರುವುದಿಲ್ಲ, ಬಲಿಪಶು ಆಗುವುದು ಆ ಹುಡುಗಿ. ಅತಿಥಿ ಉಪನ್ಯಾಸಕಿಯಾಗಿ ಕರೆಯಿರಿ, ಗೌರವಧನ ಸರಿಯಾಗಿ ಕೊಡಿ. 15 ವರ್ಷ ಅನುಭವ ಇರುವ ವೈದ್ಯರು ಸಿಕ್ಕರೆ ಯುಜಿಸಿ 2022ರಲ್ಲಿ ತಂದ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ದಾರಿ ಇದೆ. ಅದಕ್ಕೆ ಪಿಎಚ್‌ಡಿ ಬೇಡ. ಮಂಜೂರಾದ ಹುದ್ದೆಗಳ ಹೊರಗೆ, ಅವುಗಳ ಶೇಕಡ 10ರ ಮಿತಿಯೊಳಗೆ, ಹೆಚ್ಚೆಂದರೆ 4 ವರ್ಷ.

ಇನ್ನು ಹುಡುಕುವುದು. ಪೇಪರ್ ಜಾಹೀರಾತು ಕಾನೂನಿಗೆ ಇರಲಿ. ಜನ ಸಿಗುವುದು ಕಾಗದ ಬರೆದರೆ. ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಗೆ ಬರೆಯಿರಿ. ಅವರೂ ಮದ್ರಾಸ್ ಐಐಟಿ, ವೆಲ್ಲೂರಿನ ಸಿಎಂಸಿ ವೈದ್ಯಕೀಯ ಕಾಲೇಜಿನ ಜೊತೆ ಸೇರಿ ಕ್ಲಿನಿಕಲ್ ಎಂಜಿನಿಯರಿಂಗ್ ಎಂ.ಟೆಕ್ ನಡೆಸುತ್ತಾರೆ. ಆ ಮಕ್ಕಳು ಆಸ್ಪತ್ರೆಯೊಳಗೇ ಓದಿದವರು. ಮಣಿಪಾಲವೂ ಹಾಗೇ, ಪಕ್ಕದಲ್ಲೇ ಕೆಎಂಸಿ ವೈದ್ಯಕೀಯ ಕಾಲೇಜು. 2020ರಿಂದ ಗೇಟ್ ಪರೀಕ್ಷೆಯಲ್ಲಿ ಬಯೋಮೆಡಿಕಲ್‌ಗೆ ಬೇರೆಯೇ ಪತ್ರಿಕೆ ಇದೆ, ಅದರ ಅಂಕ ಇದ್ದರೆ ಅರ್ಜಿಯಲ್ಲಿ ಬರೆಯಲು ಹೇಳಿ. ವಿಎಲ್‌ಎಸ್‌ಐ ಗುಂಪು ಅರ್ಧ ಅಲ್ಲೇ ಜರಡಿಯಾಗುತ್ತೆ.

ಸಂದರ್ಶನಕ್ಕೆ ಪಿಪಿಟಿ ಬೇಡವೇ ಬೇಡ. ಟೇಬಲ್ ಮೇಲೆ ಇಸಿಜಿ ಮಷಿನ್ ಇಡಿ, ಒಬ್ಬ ವಿದ್ಯಾರ್ಥಿಯನ್ನು ಮಲಗಿಸಿ. ಬಲಗಾಲಿನ ಎಲೆಕ್ಟ್ರೋಡ್ ಕಿತ್ತು "ಈಗ ಪೇಪರಲ್ಲಿ ಏನು ಬರುತ್ತೆ, ಯಾಕೆ?" ಅಂತ ಕೇಳಿ. ಉತ್ತರ ಹೇಳುವ ಮೊದಲು ಅಭ್ಯರ್ಥಿಯ ಕೈ ಆ ವೈರಿನ ಕಡೆ ಹೋಗುತ್ತೋ ಇಲ್ಲವೋ ನೋಡಿ. ತಮ್ಮ ಕಂಪ್ಯೂಟರ್ ಮಾದರಿಗೆ ಶೇಕಡ 99 ನಿಖರತೆ ಅನ್ನುವವರಿಗೆ ಇನ್ನೊಂದು ಪ್ರಶ್ನೆ: ಒಬ್ಬನೇ ರೋಗಿಯ ಬಡಿತಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಇದ್ದವಾ? ಇದ್ದರೆ ಆ 99 ಯಾರಿಗಾದರೂ ಬರುತ್ತೆ.

ಬಿಟ್ಟುಬಂದವನು

ನಾನು ಮೇಡಂ ಹೇಳಿದಂಥ ಒಂದು ಕಾಲೇಜು ಬಿಟ್ಟು ಈಗ ಬೆಂಗಳೂರಿನಲ್ಲಿ ಅಲ್ಟ್ರಾಸೌಂಡ್ ಸಾಫ್ಟ್‌ವೇರ್ ಮಾಡುತ್ತಿರುವವನು. ಮೇಷ್ಟ್ರು ಹೇಳಿದ್ದೆಲ್ಲ ಒಪ್ಪಿದೆ, ಆದರೆ ಬಂದವರು ನಿಲ್ಲಬೇಕಲ್ಲ?

"ವೇತನ ನಿಯಮಾನುಸಾರ" ಅನ್ನುವುದೇ ದೊಡ್ಡ ಸುಳ್ಳು. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲವೇತನವೇ 57,700. ನನ್ನ ಕೈಗೆ ಬರುತ್ತಿದ್ದದ್ದು "ಕನ್ಸಾಲಿಡೇಟೆಡ್" ಹೆಸರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಆಫೀಸಿನ ಬೀರುವಿನಲ್ಲಿ. ಮೇ ತಿಂಗಳಲ್ಲಿ ಪಿಯು ಕಾಲೇಜುಗಳಿಗೆ ಅಡ್ಮಿಷನ್ ಕ್ಯಾಂಪೇನ್. ಪಿಎಚ್‌ಡಿ ಇದ್ದರೂ ವಿಭಾಗ ವಿಟಿಯು ಸಂಶೋಧನಾ ಕೇಂದ್ರ ಅಲ್ಲದ್ದರಿಂದ ಯಾರಿಗೂ ಗೈಡ್ ಆಗುವ ಹಾಗಿರಲಿಲ್ಲ. ರೋಗಿಗಳ ಡೇಟಾ ಮುಟ್ಟಬೇಕೆಂದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಕಾಲೇಜಿಗೆ ಅಂಥ ಸಮಿತಿಯೇ ಇಲ್ಲ, ಆಸ್ಪತ್ರೆ ಜೊತೆ ಒಪ್ಪಂದವೂ ಇಲ್ಲ. ಎಲ್ಲರೂ ಅದೇ ಬಾಸ್ಟನ್ ಡೇಟಾ ಉಜ್ಜುವುದು ಯಾಕೆ ಅಂದುಕೊಂಡಿರಿ?

ಜಾಹೀರಾತಿನಲ್ಲಿ ಸಂಬಳದ ಅಂಕಿ ಬರೆಯಿರಿ. ವಾರಕ್ಕೆ ಎಷ್ಟು ಗಂಟೆ ಪಾಠ ಬರೆಯಿರಿ. ಯಾವ ಆಸ್ಪತ್ರೆ ಜೊತೆ ಒಪ್ಪಂದ ಇದೆ ಅಂತ ಹೆಸರು ಹಾಕಿ. ಈ ಮೂರು ಸಾಲು ಇದ್ದಿದ್ದರೆ ನನ್ನಂಥವರು ಓದಿ ಫೋನ್ ಮಾಡುತ್ತಿದ್ದೆವು.

ವೆಂಟಿಲೇಟರ್_ಅಣ್ಣ

ನಮಸ್ಕಾರ್ರೀ ಮೇಡಮ್ಮಾರ. ನಾ ಆಸ್ಪತ್ರ್ಯಾಗ ಬಯೋಮೆಡಿಕಲ್ ಎಂಜಿನಿಯರ್. ನಿಮ್ಮ ವಿಭಾಗದಾಗ ಓದಿದ ಹುಡುಗೂರು ನಮ್ಮ ಕಡೆ ಬಂದಾಗ ಹೃದಯಕ್ಕ ಶಾಕ್ ಕೊಡೋ ಮಷಿನ್ ಪರೀಕ್ಷೆ ಮಾಡೋ ಡಿಫಿಬ್ರಿಲೇಟರ್ ಅನಲೈಸರ್ ಅಂದ್ರ ಕಣ್ಣು ಬಿಡ್ತಾವ. ಖಾಯಂ ಮಾಸ್ತರ್ ಸಿಗೋ ತನಕ ವಾರಕ್ಕ ಒಂದು ಮಧ್ಯಾಹ್ನ ಲ್ಯಾಬಿಗೆ ನಮ್ಮಂಥವರನ್ನ ಕರೀರಿ. ಕಂಡೆಮ್ ಮಾಡಿ ತಗದ ಮಾನಿಟರು, ಸಿರಿಂಜ್ ಪಂಪು ನಮ್ಮ ಸ್ಟೋರಿನ್ಯಾಗ ಬಿದ್ದಾವ, ಸೂಪರಿಂಟೆಂಡೆಂಟರ ಹೆಸರಿಗೆ ಒಂದು ಪತ್ರ ಕೊಟ್ಟ್ರ ಬಿಚ್ಚಿ ಕಲಿಸಾಕ ಕೊಡಸ್ತೀವಿ. ಒಪ್ಪಂದನೂ ಅಲ್ಲಿಂದನ ಸುರು ಆಗ್ತದ್ರಿ. ದೊಡ್ಡವರ ಸಹಿ ಆಮ್ಯಾಲ ತಾನ ಬರ್ತದ.

ಇಸಿಜಿ_ಮೇಡಂ

ಅಣ್ಣಾ, ನಾಳೆಯೇ ಪತ್ರ ಕೊಡುತ್ತೇನೆ, ನಿಮಗೆ ಇಲ್ಲೇ ಮೆಸೇಜ್ ಹಾಕಿದ್ದೇನೆ ನೋಡಿ. ಬಿಟ್ಟುಬಂದವರೇ, ಬೀರುವಿನ ವಿಷಯ ಓದಿ ನಾಚಿಕೆಯಾಯಿತು. ನಮ್ಮಲ್ಲೂ ಅದೇ ಪದ್ಧತಿ.

ಕರಡು ಹೀಗೆ ಬರೆದಿದ್ದೇನೆ: "ಬಯೋಮೆಡಿಕಲ್ ಇನ್ಸ್ಟ್ರುಮೆಂಟೇಷನ್ ಕಲಿಸಲು ಒಬ್ಬರು ಬೇಕು. ಬಯೋಮೆಡಿಕಲ್, ಮೆಡಿಕಲ್ ಎಲೆಕ್ಟ್ರಾನಿಕ್ಸ್ ಅಥವಾ ಸಮಾನ ಶಾಖೆಯ ಬಿ.ಇ. ಮತ್ತು ಎಂ.ಟೆಕ್. ವಾರಕ್ಕೆ 14 ಗಂಟೆ ಪಾಠ. ಮೂಲ ದಾಖಲೆ ಪರಿಶೀಲಿಸಿ ಅಂದೇ ವಾಪಸ್. ಸಂದರ್ಶನ ಲ್ಯಾಬಿನಲ್ಲೇ ನಡೆಯುತ್ತದೆ." ಸಂಬಳದ ಅಂಕಿಗೆ ಜಾಗ ಖಾಲಿ ಬಿಟ್ಟಿದ್ದೇನೆ, ಕಾರ್ಯದರ್ಶಿಗಳು ತುಂಬಬೇಕು. ಹೆಲ್ತ್ ಇನ್ಫರ್ಮ್ಯಾಟಿಕ್ಸ್ ಹುದ್ದೆಯನ್ನು ಕಂಪ್ಯೂಟರ್ ಸೈನ್ಸ್ ವಿಭಾಗದ ಲೆಕ್ಕಕ್ಕೆ ಹಾಕಿ ಅಂತ ಪ್ರಿನ್ಸಿಪಾಲರು ಹೇಳುತ್ತಿದ್ದಾರೆ. ಒಪ್ಪಲಾ ಸರ್?

ನಿವೃತ್ತ_ಮೇಷ್ಟ್ರು

ಒಪ್ಪಿ, ಆದರೆ ಪಾಠದ ವೇಳಾಪಟ್ಟಿ ನಿಮ್ಮ ಕೈಯಲ್ಲಿರಲಿ ಅಂತ ಬರಹದಲ್ಲಿ ಪಡೆಯಿರಿ. ಇಲ್ಲದಿದ್ದರೆ ಬಂದವರು ಮೊದಲ ವರ್ಷದವರಿಗೆ ಪೈಥಾನ್ ಕಲಿಸುತ್ತಾ ಅಲ್ಲೇ ಉಳಿದುಬಿಡುತ್ತಾರೆ. ಸಂಬಳದ ಜಾಗ ಖಾಲಿ ಇರುವ ತನಕ ಕರಡು ಪೇಪರಿಗೆ ಕೊಡಬೇಡಿ.