200 ಎಂಬಿಪಿಎಸ್ ಪ್ಲಾನ್, ಡೌನ್‌ಲೋಡ್ ಮಾತ್ರ 11ಕ್ಕೇ ನಿಂತಿದೆ (ಪರಿಹಾರ ಸಿಕ್ಕಿದೆ)

ಗಂಗಾವತಿ ಸ್ಟುಡಿಯೋ:
ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ. ಬೆಂಗಳೂರಲ್ಲಿ ಎಡಿಟ್ ಆದ ಮದುವೆ ವಿಡಿಯೋಗಳನ್ನು ಇಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತೇವೆ. ಹೋದ ವಾರ 200 ಎಂಬಿಪಿಎಸ್ ಫೈಬರ್ ಹಾಕಿಸಿದೆ. ಫೈಲು 36 ಜಿಬಿ. ಸೆಕೆಂಡಿಗೆ 200 ಎಂಬಿ ಬಂದರೆ ಮೂರು ನಿಮಿಷದ ಕೆಲಸ ಅಂದುಕೊಂಡು ಗಿರಾಕಿಗೆ "ಚಹಾ ಕುಡಿದು ಬನ್ನಿ" ಅಂದೆ. ಪಾಪ, ಅವರು ಹತ್ತಿರ ಹತ್ತಿರ ಒಂದು ಗಂಟೆ ಕಾದರು. ಕಂಪ್ಯೂಟರಿನಲ್ಲಿ 11.2 ಎಂಬಿ ಅಂತ ತೋರಿಸುತ್ತದೆ, ಅದಕ್ಕಿಂತ ಮೇಲೆ ಏಳುವುದೇ ಇಲ್ಲ. ಸ್ಪೀಡ್ ಟೆಸ್ಟ್ ಮಾಡಿದರೆ 94. ಪ್ಲಾನಿನಲ್ಲಿ 200. ಯಾವುದನ್ನು ನಂಬಲಿ?

ಕೊಪ್ಪಳ ಹುಡುಗ:
ಅಣ್ಣ, ನೆಟ್ ಕೊಡುವವರದು ಬಿಟ್ ಲೆಕ್ಕ, ಕಂಪ್ಯೂಟರಿನದು ಬೈಟ್ ಲೆಕ್ಕ. 8ರಿಂದ ಭಾಗಿಸಿ. ಎಲ್ಲ ಸರಿ ಇದೆ, ತಲೆ ಕೆಡಿಸಿಕೊಳ್ಳಬೇಡಿ.

ರಾಯಚೂರು ಕೇಬಲ್:
ತಮ್ಮ ಹೇಳಿದ್ದು ಅರ್ಧ ಸರಿ. ಆದರೆ 200ನ್ನು 8ರಿಂದ ಭಾಗಿಸಿದರೆ 25 ಬರಬೇಕು ಅಲ್ವಾ? ಇವರಿಗೆ 11 ಬರ್ತಿದೆ. ಅಂದರೆ ಎಲ್ಲೋ ದೋಷವೂ ಇದೆ.

ಮೊದಲು ಲೆಕ್ಕ ನೋಡೋಣ. ನಮ್ಮ ಕಡೆ ಭತ್ತದ ವ್ಯಾಪಾರಿ ರೇಟು ಹೇಳುವುದು 75 ಕೆಜಿ ಚೀಲಕ್ಕೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ. ಒಂದೇ ತೂಕಕ್ಕೆ ತರದೆ ಯಾವುದು ಜಾಸ್ತಿ ಅಂತ ಹೇಳೋಕಾಗಲ್ಲ. ಇಲ್ಲೂ ಹಾಗೇ. 8 ಬಿಟ್ ಸೇರಿದರೆ 1 ಬೈಟ್. ಪ್ಲಾನಿನ ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್, ಕಂಪ್ಯೂಟರ್ ತೋರಿಸುವ ಎಂಬಿ ಮೆಗಾಬೈಟ್. ಇಂಗ್ಲಿಷಿನಲ್ಲಿ ಬರೆದರೆ ಚಿಕ್ಕ ಬಿ (ಬಿಟ್), ದೊಡ್ಡ ಬಿ (ಬೈಟ್) ಅಂತ ಗುರುತಾದರೂ ಇರುತ್ತದೆ. ನಾವು ಬಾಯಲ್ಲಿ "ಎಂಬಿ" ಅಂದಾಗ ಅದೂ ಹೋಗುತ್ತದೆ. ಅದಕ್ಕೇ ನಾನು ಗಿರಾಕಿಗಳ ಹತ್ತಿರ ಯಾವಾಗಲೂ ಮೆಗಾಬಿಟ್, ಮೆಗಾಬೈಟ್ ಅಂತ ಪೂರ್ತಿ ಹೇಳುತ್ತೇನೆ.

ಈಗ ನಿಮ್ಮ 11.2 ತಗೊಳ್ಳಿ. ವಿಂಡೋಸ್ ಲೆಕ್ಕದಲ್ಲಿ 1 ಎಂಬಿ ಅಂದರೆ 1024 × 1024, ಅಂದರೆ 10,48,576 ಬೈಟ್. ನೆಟ್‌ವರ್ಕ್ ಲೆಕ್ಕದ ಮೆಗಾ ಸರಿಯಾಗಿ 10 ಲಕ್ಷ. ಹಾಗಾಗಿ 11.2 × 1.0486 × 8 ಮಾಡಿ. ಸುಮಾರು 94 ಮೆಗಾಬಿಟ್ ಬರುತ್ತದೆ. ನಿಮ್ಮ ಸ್ಪೀಡ್ ಟೆಸ್ಟೂ ಅದನ್ನೇ ಹೇಳಿದೆ. ಅವೆರಡೂ ನಿಜ.

ಈ 94 ನೋಡಿದ ಕೂಡಲೇ ನನಗೆ ಅನುಮಾನ ಬಂತು. 100 ಮೆಗಾಬಿಟ್ ತಂತಿ ನೆಟ್‌ವರ್ಕ್, ಅಂದರೆ ಈಥರ್ನೆಟ್‌ನಲ್ಲಿ ಪೂರ್ತಿ ತುಂಬಿದ ಒಂದು ಪ್ಯಾಕೆಟ್ಟಿಗೆ (ಡೇಟಾದ ಒಂದು ಕಂತೆ) ತಂತಿಯ ಮೇಲೆ 1,538 ಬೈಟ್ ಜಾಗ ಬೇಕು, ಅದರಲ್ಲಿ ನಮ್ಮ ಮಾಲು 1,460 ಬೈಟ್ ಮಾತ್ರ. ಉಳಿದದ್ದು ವಿಳಾಸ, ತಪಾಸಣೆ, ನಡುವಿನ ಬಿಡುವು. ಹಾಗಾಗಿ 100ರ ದಾರಿಯಲ್ಲಿ ಹೆಚ್ಚೆಂದರೆ 95 ಸಿಗುತ್ತದೆ. ನಿಮ್ಮ ರೂಟರಿನಿಂದ ಕಂಪ್ಯೂಟರಿಗೆ ಬರುವ ದಾರಿ 100ಕ್ಕೆ ಇಳಿದಿದೆ. ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ತೆರೆದು ಲಿಂಕ್ ಸ್ಪೀಡ್ ನೋಡಿ. ರೂಟರ್ ಪಕ್ಕ ನಿಂತು ಫೋನಿನ 5 ಗಿಗಾಹರ್ಟ್ಸ್ ವೈಫೈನಲ್ಲೂ ಒಮ್ಮೆ ಟೆಸ್ಟ್ ಮಾಡಿ.

ಗಂಗಾವತಿ ಸ್ಟುಡಿಯೋ:
ಫೋನಿನಲ್ಲಿ 186 ಬಂತು ಸರ್! ಲಿಂಕ್ ಸ್ಪೀಡ್ 100/100 ಅಂತಿದೆ. ರೂಟರೂ ಕಂಪ್ಯೂಟರೂ ಎರಡೂ ಗಿಗಾಬಿಟ್ಟೇ (1000 ಮೆಗಾಬಿಟ್).

ರಾಯಚೂರು ಕೇಬಲ್:
ಹಾಗಾದರೆ ಲ್ಯಾನ್ ಕೇಬಲ್ಲೇ. 100ಕ್ಕೆ ಎರಡು ಜೋಡಿ ತಂತಿ ಸಾಕು, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಕಡಿದರೂ ನೆಟ್ ನಡೆಯುತ್ತದೆ, ಸುಮ್ನೆ 100ಕ್ಕೆ ಇಳಿಯುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ತುದಿಯ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ, ಎಂಟೂ ತಂತಿ ತುದಿವರೆಗೆ ಮುಟ್ಟಿರಬೇಕು.

ಗಂಗಾವತಿ ಸ್ಟುಡಿಯೋ:
ಸಿಕ್ಕಿತು. ಕಂಪ್ಯೂಟರ್ ಕಡೆಯ ತುದಿಯಲ್ಲಿ ಕಂದು ತಂತಿ ಅರ್ಧಕ್ಕೇ ನಿಂತಿತ್ತು. ಪಿನ್ನಿಗೂ ಅದಕ್ಕೂ ನಡುವೆ ಅಕ್ಕಿಕಾಳಿನಷ್ಟು ಜಾಗ. ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿಸಿದೆ. ಈಗ ಲಿಂಕ್ 1000/1000, ಡೌನ್‌ಲೋಡ್ 22.6. ಅಷ್ಟೇ ದೊಡ್ಡ ಫೈಲು 27 ನಿಮಿಷಕ್ಕೆ ಮುಗಿಯಿತು. ತುಂಬಾ ಉಪಕಾರ ಆಯಿತು ಸರ್. ಇನ್ನು ಗಿರಾಕಿಗೆ ಅರ್ಧ ಗಂಟೆ ಅಂತಲೇ ಹೇಳುತ್ತೇನೆ.

ಕಾರಟಗಿ ಮಿಲ್:
ಇದೇ ಲೆಕ್ಕದ್ದು ನಂದೂ ಒಂದು ಪ್ರಶ್ನೆ. ರೈಸ್ ಮಿಲ್ಲಿನಲ್ಲಿ 8 ಕ್ಯಾಮೆರಾ ಇವೆ, ಒಂದೊಂದೂ 4 ಎಂಬಿಪಿಎಸ್. 15 ದಿನದ ರೆಕಾರ್ಡಿಂಗ್ ಇರಬೇಕು. 2 ಟಿಬಿ ಡಿಸ್ಕ್ ಸಾಕಾ?

ರಾಯಚೂರು ಕೇಬಲ್:
ಸಾಕಾಗಲ್ಲ ಸರ್. ಎಂಟು ನಾಲ್ಕಲೆ 32 ಮೆಗಾಬಿಟ್, ಅಂದರೆ ಸೆಕೆಂಡಿಗೆ 4 ಮೆಗಾಬೈಟ್. ದಿನಕ್ಕೆ 86,400 ಸೆಕೆಂಡ್. ಸುಮಾರು 346 ಜಿಬಿ ಆಯಿತು. 2 ಟಿಬಿ ಆರು ದಿನವೂ ಬರುವುದಿಲ್ಲ. 15 ದಿನಕ್ಕೆ 5.2 ಟಿಬಿ ಬೇಕು, 6 ಟಿಬಿಯದು ತಗೊಳ್ಳಿ. ತಗೊಳ್ಳುವ ಮೊದಲು ನಿಮ್ಮ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡುವ ಪೆಟ್ಟಿಗೆ) ಅಷ್ಟು ದೊಡ್ಡ ಡಿಸ್ಕ್ ಹಿಡಿಯುತ್ತಾ ಅಂತ ಅದರ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.