ಜಾಸ್ತಿ ಬಂದ ಚಿಲ್ಲರೆ

ಕಳೆದ ಸಂಚಿಕೆಯ ಸಮಸ್ಯೆ: ನನ್ನ ಗಂಡ ದೇವರನ್ನು ನಂಬುವುದಿಲ್ಲ. ನನ್ನ ನಂಬಿಕೆ ಅರ್ಧಂಬರ್ಧ. ಮನೆಯಲ್ಲಿ ದೀಪ ಹಚ್ಚುವುದು ನಿಂತು ಆರು ವರ್ಷವಾಯಿತು. ಮೊನ್ನೆ ಹನ್ನೆರಡು ವರ್ಷದ ಮಗ ಅಂಗಡಿಯಲ್ಲಿ 200ರ ನೋಟು ಕೊಟ್ಟ. ಅವರು 500 ಅಂದುಕೊಂಡು ಚಿಲ್ಲರೆ ಕೊಟ್ಟರು. ಇವನು ಸುಮ್ಮನೆ ಜೇಬಿಗೆ ಹಾಕಿಕೊಂಡು ಬಂದ. ಹೊಸ ಕ್ರಿಕೆಟ್ ಗ್ಲೌಸ್ ಕಂಡಾಗಲೇ ನಮಗೆ ಗೊತ್ತಾದದ್ದು. "ದೇವರ ಭಯ ಇಲ್ಲದ ಮನೆಯಲ್ಲಿ ಇನ್ನೇನಾಗುತ್ತೆ" ಅಂದರು ಅತ್ತೆ. "ತಪ್ಪು ಮಾಡಿದ್ದಾನೆ, ತಿದ್ದೋಣ. ದೇವರನ್ನು ಯಾಕೆ ಎಳೆಯುತ್ತೀಯಮ್ಮ" ಅಂದರು ಗಂಡ. ನನಗೆ ನಿದ್ದೆ ಬರುತ್ತಿಲ್ಲ. ದೇವರಿಲ್ಲದೆ ಮನಸ್ಸಾಕ್ಷಿ ಬೆಳೆಯುತ್ತಾ? ಮಗನನ್ನು ಭಜನೆ ಕ್ಲಾಸಿಗೆ ಸೇರಿಸಲೇ?
– ಹೆಸರು ಬೇಡ, ದಾವಣಗೆರೆ

ಅಕ್ಕಾ, ನಾನು ಇಪ್ಪತ್ತಾರು ವರ್ಷದಿಂದ ಕಿರಾಣಿ ಅಂಗಡಿ ನಡೆಸುವವಳು. ಗಲ್ಲಾಪೆಟ್ಟಿಗೆ ಮೇಲೆ ಲಕ್ಷ್ಮಿ ಫೋಟೋ ಇದೆ. ಊದುಬತ್ತಿ ಹಚ್ಚದೆ ಬೋಣಿ ಮಾಡುವುದಿಲ್ಲ. ಆದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಮದುವೆಯಾಗಿ ಬಂದಾಗ ನಮ್ಮ ಮಾವನವರ ತಕ್ಕಡಿಯಲ್ಲಿ, ಸಾಮಾನು ಹಾಕುವ ತಟ್ಟೆಯ ಅಡಿಗೆ ಹುಣಸೆಹಣ್ಣಿನ ಉಂಡೆ ಅಂಟಿರುತ್ತಿತ್ತು. ಬೇಳೆ, ಬೆಲ್ಲ, ಸಕ್ಕರೆ, ಎಲ್ಲದರಲ್ಲೂ ಇಷ್ಟಿಷ್ಟು ಉಳಿಯುತ್ತಿತ್ತು. ಮಾವ ಸೋಮವಾರ ಉಪವಾಸ ಇರುವವರು, ಯುಗಾದಿಗೆ ಶ್ರೀಶೈಲಕ್ಕೆ ನಡೆದುಕೊಂಡೇ ಹೋಗುವವರು. ಅವರು ಹೋದ ಮೇಲೆ ನಾನೂ ನಾಲ್ಕು ವರ್ಷ ಅದೇ ತಕ್ಕಡಿಯಲ್ಲಿ ತೂಗಿದೆ. ಬೆಳಿಗ್ಗೆ ಲಕ್ಷ್ಮಿಗೆ ಮುಗಿದ ಕೈಯಲ್ಲೇ. ಒಂದು ದಿನವೂ ಏನೂ ಅನ್ನಿಸಲಿಲ್ಲ, ನಿಜ ಹೇಳುತ್ತೇನೆ.

ಬಿಡಿಸಿದ್ದು ಒಬ್ಬ ಅಜ್ಜಿ. ವಾರಕ್ಕೊಮ್ಮೆ ಅರ್ಧ ಕೆಜಿ ಬೆಲ್ಲ ಒಯ್ಯುತ್ತಿದ್ದಳು. ಒಂದು ಸಂಜೆ ಅರ್ಧ ದಾರಿಯಿಂದ ವಾಪಸ್ ಬಂದಳು. "ಯವ್ವಾ, ಬೆಲ್ಲ ಜಾಸ್ತಿ ಹಾಕೀಯೇನ ನೋಡು. ಕೈಯಾಗ ಭಾಳ ಭಾರ ಹತ್ತೈತಿ. ನಿನಗ ಲುಕ್ಸಾನ ಆಗಬಾರದು" ಅಂದಳು. ಕೈಯಲ್ಲಿ ಶಕ್ತಿ ಇಲ್ಲದೆ ಭಾರ ಅನ್ನಿಸಿರಬೇಕು. ನಾನು ಹಾಕಿದ್ದು ಕಡಿಮೆಯೇ. ಇನ್ನೊಮ್ಮೆ ತೂಗಿದ ಹಾಗೆ ಮಾಡಿ, "ಸರಿ ಐತಿ, ಹೋಗಬೇ" ಅಂದೆ. ಅವಳ ಮುಖ ನೋಡಲು ಆಗಲಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಹುಣಸೆಹಣ್ಣು ಕಿತ್ತೆಸೆದು ತಟ್ಟೆ ತಿಕ್ಕಿ ತೊಳೆದೆ.

ಈಗ ಎಲೆಕ್ಟ್ರಾನಿಕ್ ತಕ್ಕಡಿ ಇದೆ. (ಅದರಲ್ಲೂ ಮಾಡುವವರು ಮಾಡುತ್ತಾರೆ ಬಿಡಿ.) ಜಾಸ್ತಿ ಬಂದ ಚಿಲ್ಲರೆ ವಾಪಸ್ ತಂದುಕೊಟ್ಟವರಲ್ಲಿ ವಿಭೂತಿಯವರು, ಟೋಪಿಯವರು, ಏನೂ ಇಲ್ಲದವರು ಎಲ್ಲರೂ ಇದ್ದಾರೆ. ತಂದುಕೊಡದವರಲ್ಲೂ ಅಷ್ಟೇ. ಇದನ್ನು ನಿಮ್ಮ ಅತ್ತೆಯವರಿಗೆ ಹೇಳಬೇಡಿ, ಸುಮ್ನೆ ಜಗಳ. ಮಗನನ್ನು ಆ ಅಂಗಡಿಗೆ ಕರೆದುಕೊಂಡು ಹೋಗಿ. ಸಂಜೆ ಲೆಕ್ಕ ಮಾಡುವಾಗ 300 ಕಡಿಮೆ ಬಂದರೆ ಏನಾಗುತ್ತದೆ ಅಂತ ಅಂಗಡಿಯವರ ಬಾಯಿಂದಲೇ ಕೇಳಲಿ. ಗಲ್ಲಾದಲ್ಲಿ ಕೆಲಸದ ಹುಡುಗ ಕೂತಿದ್ದರೆ ಎಷ್ಟೋ ಕಡೆ ಅದು ಅವನ ಸಂಬಳದಲ್ಲೇ ಕಡಿತ.
– ಕಿರಾಣಿ ಅಂಗಡಿಯವಳು, ರಾಣೆಬೆನ್ನೂರು

ತಂಗೀ, ನನ್ನ ಕತೆ ಬೇರೆ. ನನಗೆ ಇದನ್ನು ಕಲಿಸಿದ್ದು ಧರ್ಮವೇ. ಒಂಬತ್ತು ವರ್ಷದವನಿದ್ದಾಗ ಮೊದಲ ರೋಜಾ (ರಂಜಾನ್ ಉಪವಾಸ) ಹಿಡಿದೆ. ಮಧ್ಯಾಹ್ನ ನಮಾಜಿಗೆ ಮೊದಲು ವಜೂ ಮಾಡುವಾಗ, ಅಂದರೆ ಕೈಕಾಲು ಮುಖ ತೊಳೆಯುವಾಗ, ಬಾಯಿ ಮುಕ್ಕಳಿಸಬೇಕು. ಗಂಟಲು ಒಣಗಿದೆ, ಬಾಯಿ ತುಂಬ ನೀರಿದೆ, ಸುತ್ತ ಯಾರೂ ಇಲ್ಲ. ನುಂಗಿದರೆ ಅಮ್ಮಿಗೂ ಗೊತ್ತಾಗುವುದಿಲ್ಲ. ಉಗಿದೆ. ಆ ಒಂದು ಗುಟುಕು ಇಂದಿಗೂ ನೆನಪಿದೆ. ಈಗಲೂ ಬಿಲ್ಲಿನಲ್ಲಿ ಕೈ ಆಡಿಸುವ ಅವಕಾಶ ಬಂದಾಗ ಅದೇ ನೆನಪಾಗುತ್ತದೆ. ವರ್ಷಕ್ಕೊಮ್ಮೆ ಉಳಿತಾಯದಲ್ಲಿ ನೂರಕ್ಕೆ ಎರಡೂವರೆ ರೂಪಾಯಿ ಜಕಾತ್ ಅಂತ ದಾನಕ್ಕೆ ತೆಗೆದಿಡುವುದೂ ಒಂದು ರೂಢಿಯೇ. ಹಾಗಾಗಿ ಧರ್ಮದಿಂದ ಏನೂ ಬರುವುದಿಲ್ಲ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಆದರೆ ಮೂವತ್ತೂ ರೋಜಾ ತಪ್ಪದೆ ಹಿಡಿಯುವ ನಮ್ಮ ಮಾಮಾ ಬಾಡಿಗೆದಾರರ ಅಡ್ವಾನ್ಸ್ ವಾಪಸ್ ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ.
– ಬಟ್ಟೆ ವ್ಯಾಪಾರಿ, ಭಟ್ಕಳ

ನಾನು ದಿನಾ ಸಂಧ್ಯಾವಂದನೆ ಮಾಡುವವನು. ಆದರೂ ನಿಮ್ಮ ಯಜಮಾನರ ಮಾತಿನ ಕಡೆಗೇ ಜಾಸ್ತಿ ವಾಲುತ್ತೇನೆ. ಮನುಸ್ಮೃತಿಯ ಎರಡನೇ ಅಧ್ಯಾಯ ಧರ್ಮ ತಿಳಿಯಲು ನಾಲ್ಕು ದಾರಿ ಹೇಳುತ್ತದೆ. ವೇದ, ಸ್ಮೃತಿ, ಒಳ್ಳೆಯವರ ನಡತೆ, ಕೊನೆಗೆ ತನ್ನ ಆತ್ಮಕ್ಕೆ ಒಪ್ಪುವಂಥದ್ದು. ಕೊನೆಯಲ್ಲಿ ಇಟ್ಟರೂ ಬಿಟ್ಟಿಲ್ಲ ನೋಡಿ. ಅದೇ ಪುಸ್ತಕ ಜಾತಿಗೊಂದು ಶಿಕ್ಷೆಯನ್ನೂ ಹೇಳುತ್ತದೆ. ಅದನ್ನು ಓದಿದಾಗ "ಛೇ, ಇದು ಸರಿಯಲ್ಲ" ಅನ್ನಿಸುತ್ತದಲ್ಲ, ಆ "ಛೇ" ಪುಸ್ತಕದೊಳಗಿನಿಂದ ಬಂದದ್ದಲ್ಲ. 1927ರ ಡಿಸೆಂಬರ್ 25ರಂದು ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ನೇತೃತ್ವದಲ್ಲಿ ಆ ಪುಸ್ತಕವನ್ನು ಸುಟ್ಟರು. ಹಾಗಂತ ಅವರು ಧರ್ಮವೇ ಬೇಡ ಅನ್ನಲಿಲ್ಲ. 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು. ಅಲ್ಲಿ ಧರ್ಮ ಉಂಟು, ಜಗತ್ತನ್ನು ಸೃಷ್ಟಿಸಿದ ದೇವರಿಲ್ಲ. ನಮ್ಮ ಜೈನ ನೆರೆಯವರೂ ಸೃಷ್ಟಿಕರ್ತನನ್ನು ನಂಬುವುದಿಲ್ಲ, ಕದಿಯಬಾರದು ಅನ್ನುವುದು ಮಾತ್ರ ಅವರ ಐದು ವ್ರತಗಳಲ್ಲಿ ಒಂದು. ನಿಮ್ಮ ಅತ್ತೆಯವರಿಗೆ ಇದನ್ನು ಹೇಳಬಹುದು. ಭಜನೆ ಕ್ಲಾಸಿಗೆ ಹುಡುಗನಿಗೆ ಹಾಡು ಇಷ್ಟವಿದ್ದರೆ ಕಳಿಸಿ. ಶಿಕ್ಷೆ ಅಂತ ಕಳಿಸಬೇಡಿ.
– ನಿವೃತ್ತ ಸಂಸ್ಕೃತ ಮೇಷ್ಟ್ರು, ಶಿವಮೊಗ್ಗ

ಎಚ್. ನರಸಿಂಹಯ್ಯ ಅವರನ್ನು ಹತ್ತಿರದಿಂದ ಕಂಡ ನಮ್ಮಂಥವರಿಗೆ ಈ ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ವಿಚಾರವಾದಿ. ಖಾದಿ, ಗಾಂಧಿ ಟೋಪಿ. ಮದುವೆಯಾಗದೆ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. ಅವರ ಪ್ರಾಮಾಣಿಕತೆಗೆ ಪವಾಡದ ನಂಬಿಕೆ ಬೇಕಾಗಲಿಲ್ಲ.
– ಹಳೆ ವಿದ್ಯಾರ್ಥಿ, ಬಸವನಗುಡಿ

2003ರಲ್ಲಿ ಸಾರಾ ಬ್ರಾಸ್ನನ್, ಫ್ರಾನ್ಸ್ ಡಿ ವಾಲ್ ಎಂಬ ವಿಜ್ಞಾನಿಗಳು ಕಪುಚಿನ್ ಕೋತಿಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಒಂದೇ ಕೆಲಸಕ್ಕೆ ಪಕ್ಕದ ಕೋತಿಗೆ ದ್ರಾಕ್ಷಿ ಕೊಟ್ಟು ತನಗೆ ಸೌತೆಕಾಯಿ ಕೊಟ್ಟರೆ, ಎಷ್ಟೋ ಸಲ ಅದು ಸೌತೆಕಾಯಿ ಬೇಡ ಅನ್ನುತ್ತಿತ್ತು. ನ್ಯಾಯದ ಬೀಜ ಧರ್ಮಕ್ಕಿಂತ ಹಳೆಯದು ಅಂತ ಇದನ್ನು ತೋರಿಸುವವರಿದ್ದಾರೆ. ಇರಬಹುದು. ಆದರೆ ಒಂದು ಗಮನಿಸಿ. ಅಲ್ಲಿ ಸಿಟ್ಟು ಬಂದದ್ದು ಕಡಿಮೆ ಸಿಕ್ಕ ಕೋತಿಗೆ. ದ್ರಾಕ್ಷಿ ಸಿಕ್ಕ ಕೋತಿ ಆರಾಮಾಗಿ ತಿನ್ನುತ್ತಿತ್ತು. ನಿಮ್ಮ ಮಗನದ್ದು ದ್ರಾಕ್ಷಿ ಸಿಕ್ಕವನ ಪಾಡು. ಅಂಗಡಿಯವರು 300 ಕಡಿಮೆ ಕೊಟ್ಟಿದ್ದರೆ ಅಲ್ಲೇ ನಿಂತು ಜಗಳ ಮಾಡುತ್ತಿದ್ದ, ಅಲ್ವಾ? ಅದನ್ನೇ ಅವನಿಗೆ ಕೇಳಿ ನೋಡಿ.
– ಮನಶ್ಶಾಸ್ತ್ರದ ಉಪನ್ಯಾಸಕಿ, ಮೈಸೂರು

ಆಂಟಿ, ನಾನು ಒಂಬತ್ತನೇ ಕ್ಲಾಸ್. ನಾನೂ ಒಮ್ಮೆ ಹೀಗೇ ಮಾಡಿದ್ದೆ, 50 ರೂಪಾಯಿ. ವಾಪಸ್ ಕೊಡಬೇಕು ಅಂತ ಎರಡೇ ದಿನದಲ್ಲಿ ಅನ್ನಿಸಿತ್ತು. ಆದರೆ ಅಂಗಡಿ ಅಂಕಲ್ ಎಲ್ಲರ ಎದುರು "ಕಳ್ಳ" ಅಂದುಬಿಟ್ಟರೆ ಅಂತ ಹೆದರಿ ಆ ರಸ್ತೆಯನ್ನೇ ಬಿಟ್ಟಿದ್ದೆ. ನೀವು ಮೊದಲು ಒಬ್ಬರೇ ಹೋಗಿ ಅವರ ಹತ್ತಿರ ಮಾತಾಡಿ. ಆಮೇಲೆ ಜನ ಇಲ್ಲದ ಹೊತ್ತು ನೋಡಿ ಅವನನ್ನು ಕಳಿಸಿ, ಮಧ್ಯಾಹ್ನ ಮೂರು ಗಂಟೆಗೆ ಯಾರೂ ಇರಲ್ಲ. ಗ್ಲೌಸ್ ಕಿತ್ತುಕೊಳ್ಳಬೇಡಿ. ಪಾಕೆಟ್ ಮನಿಯಲ್ಲಿ ಸ್ವಲ್ಪ ಸ್ವಲ್ಪ ತೀರಿಸಲಿ.
– ವಿದ್ಯಾರ್ಥಿ, ತುಮಕೂರು