ಸಹಾಯ ಬೇಕು: ಅಬಲೋನ್ ಚಿಪ್ಪಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾವಿರೋದು ಉತ್ತರ ಕ್ಯಾಲಿಫೋರ್ನಿಯಾದಲ್ಲಿ. ಪಕ್ಕದ ಮನೆ ಅಜ್ಜ ತಮ್ಮ ಹತ್ತಿರವಿದ್ದ, ಅಬಲೋನ್ ಅನ್ನೋ ಸಮುದ್ರಜೀವಿಯ ಹಳೇ ಚಿಪ್ಪೊಂದನ್ನ ನನ್ನ ಮಗಳಿಗೆ ಕೊಟ್ಟಿದ್ದಾರೆ. ಇಲ್ಲಿ ಆ ಜೀವಿಯನ್ನ ಹಿಡಿಯೋದು 2018ರಿಂದ ನಿಂತಿದೆ, ಹಾಗಾಗಿ ಅವಳಿಗೆ ಈ ಚಿಪ್ಪು ಚಿನ್ನ. ಬರೋ ಭಾನುವಾರ ಕನ್ನಡ ತರಗತಿಯಲ್ಲಿ ತೋರಿಸಿ ಕನ್ನಡದಲ್ಲೇ ವಿವರಿಸಬೇಕಂತೆ.

ಚಿಪ್ಪು ನನ್ನ ಅಂಗೈಗಿಂತ ದೊಡ್ಡದು, ಆಕಾರ ಥೇಟ್ ಕಿವಿ. ಹೊರಗೆ ಇಟ್ಟಿಗೆ ಕೆಂಪು, ಒರಟು. ಒಂದು ಪಕ್ಕಕ್ಕೆ ಸಾಲಾಗಿ ಉಬ್ಬುಗಳು. ಅಂಚಿನ ಕಡೆಯ ಮೂರು ಮಾತ್ರ ತೆರೆದ ತೂತು, ಹಳೆಯವು ಮುಚ್ಚಿಹೋಗಿವೆ. ಕಿವಿರು ದಾಟಿದ ನೀರು ಆಚೆ ಹೋಗೋದು ಈ ತೂತುಗಳಿಂದಲೇ. ಒಳಗೆ ಹಸಿರು, ಗುಲಾಬಿ ಹೊಳಪು. ನಡುವೆ ಸ್ನಾಯು ಅಂಟಿಕೊಂಡಿದ್ದ ದೊಡ್ಡ ಗುರುತು. ಬೆಳಕಿಗೆ ಓರೆ ಮಾಡಿದರೆ ನವಿಲುಗರಿ ನೋಡಿದ ಹಾಗೆ.

ಇದು ಕೆಂಪು ಅಬಲೋನ್ ಅಂತ ನನ್ನ ಅಂದಾಜು. ಕಪ್ಪು ಜಾತಿಯದಕ್ಕೆ ಸಾಮಾನ್ಯವಾಗಿ ಐದರಿಂದ ಏಳು ತೂತು, ಅವೂ ಉಬ್ಬಿರಲ್ಲ. ಬಲ್ಲವರು ಫೋಟೋ ನೋಡಿ ಹೇಳ್ತೀರಾ?

ಇನ್ನು ಹೆಸರು. ಕಪ್ಪೆಚಿಪ್ಪು ಅನ್ನೋಕೆ ಮನಸ್ಸೊಪ್ಪಲ್ಲ. ಕರಾವಳಿಯಲ್ಲಿ ತಿನ್ನೋ ಮರುವಾಯಿ ಥರ ಅದಕ್ಕೆ ಎರಡು ಚಿಪ್ಪು. ಇದು ಬಸವನಹುಳುವಿನ ಬಳಗ, ಒಂದೇ ಚಿಪ್ಪು, ಅಡಿಯಲ್ಲಿ ಬಂಡೆ ಕಚ್ಚಿ ಹಿಡಿಯೋ ಅಗಲವಾದ ಪಾದ. "ಕಿವಿಚಿಪ್ಪು" ಅಂದ್ರೆ ಸರಿಹೋಗುತ್ತಾ? ಕಾರವಾರ, ಕುಂದಾಪುರ, ಮಂಗಳೂರು ಕಡೆಯವರು ಇಂಥ ಒಂಟಿಚಿಪ್ಪಿನ ಜೀವಿಗಳಿಗೆ ಏನಂತೀರಿ? ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ, ಮಗಳಿಗೆ ಅಭ್ಯಾಸ ಮಾಡಿಸಬೇಕು.